ಪಟ್ಟಿಯನ್ನು ಕೆಳಗಿನಿಂದ ಓದಿ

ಒಂದು ಪಂದ್ಯವೂ ನಡೆದಿರುವುದಿಲ್ಲ. ಹುಡುಗರು ಇನ್ನೂ ಬೇಸಿಗೆಯ ತಾಲೀಮಿನಲ್ಲಿ ಬೆವರು ಸುರಿಸ್ತಾ ಇರ್ತಾರೆ. ಆದರೂ ಜುಲೈ ಬಂತು ಅಂದ್ರೆ ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಭವಿಷ್ಯದ ಪಟ್ಟಿಗಳು ಸಾಲುಸಾಲಾಗಿ ಬರೋಕೆ ಶುರುವಾಗುತ್ತೆ. ಈ ಕಾನ್ಫರೆನ್ಸಿನಲ್ಲಿ ಯಾರು ಮೊದಲು, ಯಾರು ಕೊನೆ, ಯಾವ ಕೋಚ್ ಕೆಲಸ ಉಳಿಸಿಕೊಳ್ತಾನೆ, ಯಾವ ಕೋಚ್ ಮನೆಗೆ ಹೋಗ್ತಾನೆ. ಪತ್ರಿಕೆ, ಟೀವಿ, ಪಾಡ್‌ಕಾಸ್ಟ್, ಎಲ್ಲ ಕಡೆ ಇದೇ ಮಾತು.

ಯುಗಾದಿಯ ದಿನ ನಾವು ಪಂಚಾಂಗ ಶ್ರವಣ ಕೇಳ್ತೀವಲ್ಲ, ಹೆಚ್ಚುಕಡಿಮೆ ಹಾಗೇ ಇದು. ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಆದಾಯ ಎಷ್ಟು, ವ್ಯಯ ಎಷ್ಟು ಅಂತ ಕೇಳಿ, ಬೇವು-ಬೆಲ್ಲ ತಿಂದು ಎದ್ದು ಹೋಗ್ತೀವಿ. ಮುಂದಿನ ಯುಗಾದಿಗೆ ಹಳೇ ಪಂಚಾಂಗ ತೆಗೆದು ತಾಳೆ ನೋಡೋರು ಎಷ್ಟು ಜನ? ಫುಟ್‌ಬಾಲ್ ಪಟ್ಟಿಗಳನ್ನೂ ಹಾಗೆ ಯಾರೂ ತಾಳೆ ನೋಡಲ್ಲ. ಈ ಬರಹದಲ್ಲಿ ಅಂಥ ಒಂದು ಪಟ್ಟಿಯನ್ನು ತಾಳೆ ನೋಡೋಣ. ಪಾಡ್‌ಕಾಸ್ಟಿನಲ್ಲಿ ಕೇಳೋರಿಗೆ ಅಂಕಿಗಳು ಜಾಸ್ತಿ ಅನ್ನಿಸಬಹುದು. ಅದಕ್ಕೇ ಇಲ್ಲಿ ನಿಧಾನವಾಗಿ ಬರೆದಿಟ್ಟಿದ್ದೀನಿ.

2024ರ ಬಿಗ್ 12

ಈ ಆಟ ನೋಡದವರಿಗೆ ಒಂದು ಮಾತು. ಕಾನ್ಫರೆನ್ಸ್ ಅಂದ್ರೆ ಹೆಚ್ಚಾಗಿ ತಮ್ಮ ತಮ್ಮೊಳಗೇ ಪಂದ್ಯ ಆಡುವ ಯೂನಿವರ್ಸಿಟಿಗಳ ಒಂದು ಕೂಟ. ಬಿಗ್ 12 ಅನ್ನೋ ಕೂಟದಲ್ಲಿ 2024ರಿಂದ 16 ಟೀಮುಗಳಿವೆ. ಬಿಗ್ ಟೆನ್ ಅನ್ನೋದರಲ್ಲಿ 18. ಹೆಸರಿಗೂ ಸಂಖ್ಯೆಗೂ ಸಂಬಂಧ ಹುಡುಕೋಕೆ ಹೋಗಬೇಡಿ. ಟಿವಿ ಹಣದ ಹಿಂದೆ ಟೀಮುಗಳು ಕೂಟದಿಂದ ಕೂಟಕ್ಕೆ ಜಿಗಿದಾಗ ಸಂಖ್ಯೆ ಬದಲಾಯ್ತು, ಬೋರ್ಡು ಮಾತ್ರ ಹಳೇದೇ ಉಳೀತು.

2024ರ ಜುಲೈನಲ್ಲಿ ಬಿಗ್ 12 ತನ್ನ ಮಾಧ್ಯಮ ಸಮೀಕ್ಷೆ ಪ್ರಕಟಿಸಿತು. ಪ್ರತಿಯೊಬ್ಬ ಪತ್ರಕರ್ತ 16 ಟೀಮುಗಳನ್ನು ಕ್ರಮವಾಗಿ ಬರೀಬೇಕು. ಮೊದಲ ಸ್ಥಾನಕ್ಕೆ 16 ಅಂಕ, ಕೊನೆಯದಕ್ಕೆ 1. ಎಲ್ಲರ ಅಂಕ ಕೂಡಿದಾಗ ಯೂಟಾ ಮೊದಲು ಬಂತು, 906 ಅಂಕ. ಆಮೇಲೆ ಕ್ಯಾನ್ಸಸ್ ಸ್ಟೇಟ್ 889, ಓಕ್ಲಹೋಮ ಸ್ಟೇಟ್ 829, ಕ್ಯಾನ್ಸಸ್ 772, ಅರಿಜೋನಾ 762. ಪಟ್ಟಿಯ ತಳದಲ್ಲಿ, 16ನೇ ಸ್ಥಾನದಲ್ಲಿ, 141 ಅಂಕದೊಂದಿಗೆ ಅರಿಜೋನಾ ಸ್ಟೇಟ್. ಫೀನಿಕ್ಸ್ ಪಕ್ಕದ ಟೆಂಪಿ ಊರಿನ ಯೂನಿವರ್ಸಿಟಿ.

ಡಿಸೆಂಬರ್ 7ರಂದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಫೈನಲ್. ಅರಿಜೋನಾ ಸ್ಟೇಟ್ 45, ಐಯೋವಾ ಸ್ಟೇಟ್ 19. ಕೊನೆಯವರು ಅಂತ ಬರೆಸಿಕೊಂಡವರೇ ಚಾಂಪಿಯನ್ ಆದರು. ಮೊದಲನೆಯವರು ಅಂತ ಬರೆಸಿಕೊಂಡ ಯೂಟಾ ಕಾನ್ಫರೆನ್ಸಿನ 9 ಪಂದ್ಯಗಳಲ್ಲಿ 2 ಗೆದ್ದು 7 ಸೋತಿತು. ಅಕ್ಟೋಬರ್‌ನಲ್ಲಿ ಇವೆರಡೇ ಟೀಮುಗಳು ಎದುರಾದಾಗ ಅರಿಜೋನಾ ಸ್ಟೇಟ್ 27–19ರಿಂದ ಗೆದ್ದಿತ್ತು.

ಇದನ್ನು ಒಂದು ಟೀಮಿನ ಅದೃಷ್ಟ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಪೂರ್ತಿ ಪಟ್ಟಿ ನೋಡಿ. ಮೊದಲ ಐದು ಸ್ಥಾನ ಪಡೆದ ಟೀಮುಗಳು ಕಾನ್ಫರೆನ್ಸ್ ಪಂದ್ಯಗಳಲ್ಲಿ ಒಟ್ಟು 13 ಗೆದ್ದು 32 ಸೋತವು. ಮೂರನೇ ಸ್ಥಾನದ ಓಕ್ಲಹೋಮ ಸ್ಟೇಟ್ ಆಡಿದ ಒಂಬತ್ತನ್ನೂ ಸೋತಿತು. ಇನ್ನೊಂದು ಕಡೆ, 7 ಗೆಲುವು 2 ಸೋಲಿನೊಂದಿಗೆ ಮೇಲಿನ ಸ್ಥಾನವನ್ನು ಹಂಚಿಕೊಂಡ ನಾಲ್ಕು ಟೀಮುಗಳು ಯಾವುವು? ಐಯೋವಾ ಸ್ಟೇಟ್, ಕೊಲೊರಾಡೊ, ಬ್ರಿಗಮ್ ಯಂಗ್, ಅರಿಜೋನಾ ಸ್ಟೇಟ್. ಜುಲೈ ಪಟ್ಟಿಯಲ್ಲಿ ಇವಕ್ಕೆ ಸಿಕ್ಕಿದ್ದ ಸ್ಥಾನ: 6, 11, 13, 16. ಪಟ್ಟಿಯನ್ನು ತಲೆಕೆಳಗೆ ಹಿಡಿದು ಓದಿದ್ದರೂ ಇದಕ್ಕಿಂತ ಹತ್ತಿರ ಹೋಗ್ತಿದ್ವೇನೋ.

ನಗೋದು ಸುಲಭ, ಆದರೆ ಎಲ್ಲಿ ನಗಬೇಕು?

ಇಂಥದ್ದಾದಾಗ ಎಲ್ಲರೂ ಮಾಡುವ ಟೀಕೆ ಒಂದೇ: "ಪತ್ರಕರ್ತರಿಗೆ ಏನೂ ಗೊತ್ತಿಲ್ಲ." ಆ ಟೀಕೆ ನನಗೆ ಒಪ್ಪಿಗೆಯಿಲ್ಲ.

ದಕ್ಷಿಣದ ರಾಜ್ಯಗಳ ದೊಡ್ಡ ಕೂಟ ಸೌತ್ ಈಸ್ಟರ್ನ್ ಕಾನ್ಫರೆನ್ಸ್‌ನ ಲೆಕ್ಕ ತಗೊಳ್ಳಿ. 1992ರಿಂದ 2024ರವರೆಗಿನ 33 ಸೀಸನ್‌ಗಳಲ್ಲಿ ಪತ್ರಕರ್ತರು ಆರಿಸಿದ ಟೀಮೇ ಚಾಂಪಿಯನ್ ಆಗಿದ್ದು 10 ಸಲ. ಪ್ರತಿ ವರ್ಷ ಇದನ್ನೇ ಹೇಳಿ ಜನ ನಗ್ತಾರೆ: ಮೂರರಲ್ಲಿ ಎರಡು ಸಲ ತಪ್ಪು! ಸ್ವಲ್ಪ ನಿಲ್ಲಿ. ಹನ್ನೆರಡೋ ಹದಿನಾರೋ ಟೀಮುಗಳಿರುವ ಕೂಟದಲ್ಲಿ, ಎಷ್ಟೇ ಬಲವಾದ ಟೀಮಿಗಾದರೂ ಗೆಲ್ಲುವ ಸಾಧ್ಯತೆ ನೂರಕ್ಕೆ ಮೂವತ್ತು ಅಂದ್ರೆ ಅದು ದೊಡ್ಡದೇ. ಒಬ್ಬ ಕ್ವಾರ್ಟರ್‌ಬ್ಯಾಕಿನ ಮಂಡಿ ಉಳುಕಿದರೆ ಸೀಸನ್ ಮುಗೀತು. ಹಾಗಿರುವಾಗ 33ರಲ್ಲಿ 10 ಸರಿಯಾಗೋದು ಅಜ್ಞಾನದ ಲಕ್ಷಣ ಅಲ್ಲವೇ ಅಲ್ಲ.

ಬಿಗ್ 12 ಪಟ್ಟಿಯಲ್ಲೂ ಈ ವಿವೇಕ ಇತ್ತು, ಹುಡುಕಿದರೆ. ಮತ ಹಾಕಿದವರು 61 ಜನ. ಯೂಟಾಗೆ ಮೊದಲ ಸ್ಥಾನ ಕೊಟ್ಟವರು 20. ಕ್ಯಾನ್ಸಸ್ ಸ್ಟೇಟ್‌ಗೆ 19, ಓಕ್ಲಹೋಮ ಸ್ಟೇಟ್‌ಗೆ 14. ಅಂದ್ರೆ ಮೂರರಲ್ಲಿ ಎರಡು ಪಾಲು ಜನ ಯೂಟಾ ಗೆಲ್ಲುತ್ತೆ ಅಂತ ಹೇಳಿರಲೇ ಇಲ್ಲ! ಯೂಟಾದ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ರೈಸಿಂಗ್ 2023ರ ಸೀಸನ್ ಪೂರ್ತಿ ಗಾಯದಿಂದ ಹೊರಗಿದ್ದು ಮರಳಿ ಬಂದಿದ್ದ. ಅವನು ಆರೋಗ್ಯವಾಗಿದ್ದರೆ ಒಂದು ಕಥೆ, ಇಲ್ಲದಿದ್ದರೆ ಇನ್ನೊಂದು ಕಥೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಅವನು ಮತ್ತೆ ಗಾಯಗೊಂಡ, ಇನ್ನೊಂದು ಕಥೆಯೇ ನಡೀತು. ಮತಗಳಲ್ಲಿ ಈ ಅನುಮಾನ ಇತ್ತು. ಹೆಡ್‌ಲೈನಿಗೆ ಬರುವಷ್ಟರಲ್ಲಿ ಅನುಮಾನ ಆವಿಯಾಗಿ "ಯೂಟಾ ನಂಬರ್ ಒನ್" ಮಾತ್ರ ಉಳೀತು.

ಆದ್ದರಿಂದ ಪಟ್ಟಿಯ ಮೇಲ್ಭಾಗದ ತಪ್ಪನ್ನು ನಾನು ಕ್ಷಮಿಸ್ತೀನಿ. ಅಲ್ಲಿ ಯೋಚನೆ ಇತ್ತು, ವಾದ ಇತ್ತು, ಭಿನ್ನಾಭಿಪ್ರಾಯ ಇತ್ತು. ನನ್ನ ತಕರಾರು ಇರೋದು ಕೆಳಭಾಗದ ಬಗ್ಗೆ.

ತಳದಲ್ಲಿ ಯಾರೂ ನೋಡಲಿಲ್ಲ

141 ಅಂಕವನ್ನು 61 ಜನರಿಗೆ ಭಾಗಿಸಿ. ತಲಾ 2.3 ಅಂಕ. ಅಂದ್ರೆ ಸರಾಸರಿಯಲ್ಲಿ ಪ್ರತಿಯೊಬ್ಬರೂ ಅರಿಜೋನಾ ಸ್ಟೇಟನ್ನು 14–15ನೇ ಸ್ಥಾನದಲ್ಲಿ ಬರೆದಿದ್ದಾರೆ. ಮೊದಲ ಸ್ಥಾನಕ್ಕೆ ಐದು ಟೀಮುಗಳ ನಡುವೆ ಮತ ಹಂಚಿಹೋಗಿದ್ದ ಅದೇ ಜನ ತಳದ ಬಗ್ಗೆ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಯಾಕೆ? 2023ರಲ್ಲಿ ಆ ಟೀಮ್ 3 ಗೆದ್ದು 9 ಸೋತಿತ್ತು. ಅಷ್ಟೇ ಸಾಕಾಯ್ತು.

ಆ 9 ಸೋಲಿನ ಒಳಗೆ ಏನಿತ್ತು ಅಂತ ನೋಡಿದ್ದರೆ ಬೇರೆ ಪ್ರಶ್ನೆಗಳು ಏಳುತ್ತಿದ್ದವು. ಒಬ್ಬರ ಹಿಂದೊಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಗಾಯಗೊಂಡ ವರ್ಷ ಅದು. ಕೋಚ್ ಕೆನ್ನಿ ಡಿಲ್ಲಿಂಗ್‌ಹ್ಯಾಮ್‌ಗೆ ಅದು ಮೊದಲ ವರ್ಷ. ಕ್ಯಾಮ್ ಸ್ಕ್ಯಾಟೆಬೊ ಅನ್ನೋ ರನ್ನಿಂಗ್ ಬ್ಯಾಕ್ ಆಗಲೇ ಟೀಮಿನಲ್ಲಿದ್ದ. ಸ್ಯಾಕ್ರಮೆಂಟೊ ಸ್ಟೇಟ್‌ನಂಥ ಸಣ್ಣ ಮಟ್ಟದ ಟೀಮಿನಿಂದ ಬಂದವನು, ದೊಡ್ಡ ಕಾಲೇಜುಗಳ ಕಣ್ಣಿಗೆ ಬೀಳದವನು. 2024ರಲ್ಲಿ ಅವನು 1,711 ಗಜ ಓಡಿದ. ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಲೆವಿಟ್ ಮಿಶಿಗನ್ ಸ್ಟೇಟ್ ಬಿಟ್ಟು ಹೊಸದಾಗಿ ಬಂದಿದ್ದ. ಇವರೆಲ್ಲ ಸೇರಿ ಚಾಂಪಿಯನ್ ಆಗ್ತಾರೆ ಅಂತ ಯಾರಿಗೂ ಹೇಳೋಕೆ ಆಗ್ತಿರಲಿಲ್ಲ, ನಿಜ. ಆದರೆ "ಖಂಡಿತ ಕೊನೆಯವರು" ಅನ್ನೋದಕ್ಕೂ ಆಧಾರ ಇರಲಿಲ್ಲ. ಗೊತ್ತಿಲ್ಲದ ಟೀಮನ್ನು ತಳಕ್ಕೆ ತಳ್ಳೋದು ರೂಢಿ ಆಗಿಬಿಟ್ಟಿದೆ.

ಅದೇ ವರ್ಷ ಬಿಗ್ ಟೆನ್‌ನಲ್ಲಿ ನೋಡಿ. ಆ ಕೂಟ ಅಧಿಕೃತ ಸಮೀಕ್ಷೆ ನಡೆಸಲ್ಲ, ಪತ್ರಕರ್ತರೇ ಸೇರಿ ಒಂದು ಅನಧಿಕೃತ ಪಟ್ಟಿ ಮಾಡ್ತಾರೆ. ಅದರಲ್ಲಿ 18 ಟೀಮುಗಳ ಪೈಕಿ ಇಂಡಿಯಾನಾಗೆ 17ನೇ ಸ್ಥಾನ. ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ ತನ್ನ ಹಿಂದಿನ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ಹತ್ತಕ್ಕೂ ಹೆಚ್ಚು ಆಟಗಾರರನ್ನು ಕರ್ಕೊಂಡು ಬಂದಿದ್ದ. ರೆಗ್ಯುಲರ್ ಸೀಸನ್‌ನಲ್ಲಿ ಇಂಡಿಯಾನಾ 11 ಗೆದ್ದು 1 ಸೋತಿತು. ಪೂರ್ವ ಕರಾವಳಿಯ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ಮೊದಲ ಸ್ಥಾನ ಫ್ಲೋರಿಡಾ ಸ್ಟೇಟ್‌ಗೆ ಕೊಟ್ಟಿದ್ದರು. ಹಿಂದಿನ ವರ್ಷ ಅವರು ಒಂದೂ ಸೋಲದೆ ಕಾನ್ಫರೆನ್ಸ್ ಗೆದ್ದಿದ್ದರಲ್ಲ! ಆ ಆಟಗಾರರಲ್ಲಿ ಮುಖ್ಯವಾದವರೆಲ್ಲ ವೃತ್ತಿಪರ ಲೀಗಿಗೆ ಹೋಗಿಯಾಗಿತ್ತು. 2024ರಲ್ಲಿ ಫ್ಲೋರಿಡಾ ಸ್ಟೇಟ್ 2 ಗೆದ್ದು 10 ಸೋತಿತು.

ಈ ಮೂರೂ ಕಡೆ ನಡೆದದ್ದು ಒಂದೇ. ಭವಿಷ್ಯ ಅಂತ ಬರೆದದ್ದು ಹಿಂದಿನ ವರ್ಷದ ನೆನಪು. ಹಿಂದೆ ಆ ನೆನಪಿಗೆ ಸ್ವಲ್ಪ ಬೆಲೆ ಇತ್ತು, ಯಾಕಂದ್ರೆ ಆಟಗಾರ ಒಂದು ಕಾಲೇಜಿಗೆ ಸೇರಿದರೆ ಸಾಮಾನ್ಯವಾಗಿ ಅಲ್ಲೇ ಮೂರು-ನಾಲ್ಕು ವರ್ಷ ಇರ್ತಿದ್ದ. ಕಾಲೇಜು ಬದಲಾಯಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. 2021ರಲ್ಲಿ ಕೂರುವ ನಿಯಮವೂ ಸಡಿಲವಾಯ್ತು, ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ದುಡ್ಡು ಮಾಡಬಹುದು ಅಂತಲೂ ಆಯ್ತು. ಈಗ ಒಂದೇ ಚಳಿಗಾಲದಲ್ಲಿ ಅರ್ಧ ಟೀಮ್ ಬದಲಾಗಬಹುದು. ಜರ್ಸಿ ಅದೇ, ಹೆಸರು ಅದೇ, ಒಳಗಿನ ಜನ ಬೇರೆ. ಜರ್ಸಿ ನೋಡಿ ಮತ ಹಾಕುವ ಅಭ್ಯಾಸ ಮಾತ್ರ ಬದಲಾಗಿಲ್ಲ.

ಒಂದು ಪಟ್ಟಿ ತಪ್ಪಾದರೆ ಯಾರಿಗೇನು ನಷ್ಟ?

"ಬಿಡಿ ಸಾರ್, ಇದು ತಮಾಷೆಗೆ" ಅಂತ ಹೇಳೋರಿದ್ದಾರೆ. ಅಭಿಮಾನಿಯ ಬಾಯಲ್ಲಾದರೆ ಸರಿ. "ಈ ಸಲ ಕಪ್ ನಮ್ದೇ" ಅಂತ ನಾವು ವರ್ಷಗಟ್ಟಲೆ ಕೂಗಿದೆವು, 2025ರಲ್ಲಿ ಅದು ನಿಜವೂ ಆಯ್ತು. ಅದು ಭವಿಷ್ಯ ಅಂತ ಯಾರೂ ತಿಳಿದಿರಲಿಲ್ಲ. ಅದೊಂದು ಹರಕೆ. ಐಪಿಎಲ್‌ನಲ್ಲಿ ಯಾರ ಹರಕೆಯೂ ಪಾಯಿಂಟ್ಸ್ ಟೇಬಲ್ ಬದಲಾಯಿಸಲ್ಲ. ಕಾಲೇಜ್ ಫುಟ್‌ಬಾಲ್ ಹಾಗಲ್ಲ. ಇಲ್ಲಿ ಜನರ ಅಭಿಪ್ರಾಯವೇ ಟೇಬಲ್ಲಿನ ಒಂದು ಭಾಗ.

2004ರ ಆಬರ್ನ್ ಟೀಮಿನ ಕಥೆ ಗೊತ್ತಾ? ಆಗ ರಾಷ್ಟ್ರೀಯ ಫೈನಲ್‌ಗೆ ಎರಡೇ ಟೀಮು. ಯಾರು ಅನ್ನೋದನ್ನು ಪತ್ರಕರ್ತರ ಮತ್ತು ಕೋಚ್‌ಗಳ ಮತದಾನ, ಜೊತೆಗೆ ಕಂಪ್ಯೂಟರ್ ಲೆಕ್ಕ ಸೇರಿಸಿ ತೀರ್ಮಾನ ಮಾಡ್ತಿದ್ದರು. ಸೀಸನ್ ಶುರುವಾಗುವ ಮುಂಚಿನ ಅಸೋಸಿಯೇಟೆಡ್ ಪ್ರೆಸ್ ಪಟ್ಟಿಯಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ 1, ಓಕ್ಲಹೋಮ 2, ಆಬರ್ನ್ 17. ಆ ವರ್ಷ ಮೂರೂ ಟೀಮುಗಳು ಒಂದೂ ಸೋಲದೆ ಕಾನ್ಫರೆನ್ಸ್ ಗೆದ್ದವು. ಮೇಲಿದ್ದವರು ಸೋಲದಿದ್ದರೆ ಅವರನ್ನು ಕೆಳಗಿಳಿಸೋದು ಹೇಗೆ ಅನ್ನೋದು ಮತದಾರರ ಮನಸ್ಸು. 17ರಿಂದ ಹೊರಟ ಆಬರ್ನ್ ಮೂರರವರೆಗೆ ಹತ್ತಿತು, ಅಲ್ಲಿಗೇ ನಿಂತಿತು. ಫೈನಲ್ ಆಡಿದ್ದು ಆಗಸ್ಟ್‌ನಲ್ಲೇ ಒಂದು, ಎರಡು ಅಂತ ಬರೆಸಿಕೊಂಡವರು. ಓಕ್ಲಹೋಮ 55–19ರಿಂದ ಸೋತಿತು. ಆಬರ್ನ್ ತನ್ನ ಕೊನೆಯ ಪಂದ್ಯವನ್ನೂ ಗೆದ್ದು, 13 ಗೆಲುವು, ಸೊನ್ನೆ ಸೋಲು, ಮನೆಗೆ ಹೋಯಿತು. ತಮ್ಮ ಪಟ್ಟಿಯನ್ನು ಇಂಥ ತೀರ್ಮಾನಕ್ಕೆ ಬಳಸಬೇಡಿ ಅಂತ ಅಸೋಸಿಯೇಟೆಡ್ ಪ್ರೆಸ್ ಆ ಡಿಸೆಂಬರಿನಲ್ಲೇ ಕೇಳಿಕೊಂಡಿತು. ಆ ಹುಡುಗರಿಗೆ ಅದರಿಂದ ಏನೂ ಸಿಗಲಿಲ್ಲ.

ಈಗ ವ್ಯವಸ್ಥೆ ಬೇರೆ. 2024ರಿಂದ ಪ್ಲೇಆಫ್‌ಗೆ 12 ಟೀಮು. ಆಯ್ಕೆ ಕಮಿಟಿ ತನ್ನ ಮೊದಲ ಪಟ್ಟಿ ಕೊಡೋದು ಸೀಸನ್ ಅರ್ಧ ದಾಟಿದ ಮೇಲೆ. ಹಾಗಾದರೆ ಜುಲೈ ಮಾತಿಗೆ ಬೆಲೆ ಇಲ್ಲವಾ? ಅರಿಜೋನಾ ಸ್ಟೇಟ್‌ನ್ನೇ ನೋಡಿ. 11 ಗೆಲುವು, ಕಾನ್ಫರೆನ್ಸ್ ಚಾಂಪಿಯನ್. ಆದರೂ ಕಮಿಟಿಯ ಅಂತಿಮ ಪಟ್ಟಿಯಲ್ಲಿ ಅವರಿಗೆ ಸಿಕ್ಕಿದ್ದು 12ನೇ ಸ್ಥಾನ. ಚಾಂಪಿಯನ್‌ಗಳಿಗೆ ವಿಶೇಷ ಸ್ಥಾನ ಕೊಡುವ ನಿಯಮ ಆ ವರ್ಷ ಇದ್ದದ್ದರಿಂದ 4ನೇ ಸೀಡ್ ಸಿಕ್ಕಿ, ಮೊದಲ ಸುತ್ತು ಆಡದೆ ಮುಂದೆ ಹೋದರು. ಅಟ್ಲಾಂಟಾದಲ್ಲಿ ಟೆಕ್ಸಸ್ ಜೊತೆ ಎರಡು ಓವರ್‌ಟೈಮ್‌ವರೆಗೆ ಎಳೆದು 39–31ರಿಂದ ಸೋತರು. ಹನ್ನೆರಡನೇ ದರ್ಜೆಯ ಟೀಮಿನ ಆಟದ ಹಾಗೆ ಅದು ಕಾಣಲಿಲ್ಲ. 2025ರಿಂದ ಆ ನಿಯಮ ಹೋಯಿತು, ಈಗ ಸೀಡ್ ಸಿಗೋದು ಕಮಿಟಿಯ ಪಟ್ಟಿಯ ಪ್ರಕಾರವೇ. ಅಂದ್ರೆ ಅಭಿಪ್ರಾಯದ ತೂಕ ಇನ್ನೂ ಹೆಚ್ಚಾಯ್ತು. ಯಾವ ಗೆಲುವು ದೊಡ್ಡದು, ಯಾವ ಎದುರಾಳಿ ಬಲಿಷ್ಠ ಅನ್ನೋ ಕಲ್ಪನೆ ಎಲ್ಲಿಂದ ಶುರುವಾಗುತ್ತೆ? ಕಮಿಟಿಯ ಕೋಣೆಯೊಳಗೆ ಕೂತವರ ಮನಸ್ಸು ನಮಗೆ ಕಾಣಲ್ಲ. ಆದರೆ ಜುಲೈನಿಂದ ಅಕ್ಟೋಬರ್‌ವರೆಗೆ ಎಲ್ಲರೂ ಕೇಳುವ ಮಾತು ಒಂದೇ ಆಗಿದ್ದಾಗ, ಅದು ಯಾರ ಕಿವಿಗೂ ಬೀಳಲಿಲ್ಲ ಅಂತ ನಂಬೋದು ಕಷ್ಟ.

ಇನ್ನೊಂದು ನಷ್ಟ ನಮ್ಮ ಮನೆಗಳಿಗೆ ಹತ್ತಿರದ್ದು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕ್ರೀಡಾ ಬೆಟ್ಟಿಂಗ್ ರಾಜ್ಯ ರಾಜ್ಯಗಳಲ್ಲಿ ಕಾನೂನುಬದ್ಧ ಆಗ್ತಾ ಹೋಯಿತು. ಭವಿಷ್ಯ ಹೇಳುವ ಶೋ, ಅದರ ಮಧ್ಯದಲ್ಲೇ ಬೆಟ್ಟಿಂಗ್ ಆ್ಯಪ್‌ನ ಜಾಹೀರಾತು. ಕಾಲೇಜಿಗೆ ಹೋಗುವ ಹುಡುಗ-ಹುಡುಗಿಯರ ಕೈಯಲ್ಲಿ ಎರಡೂ ಒಂದೇ ಫೋನ್‌ನಲ್ಲಿ ಇವೆ. "ಯೂಟಾ ನಂಬರ್ ಒನ್" ಅನ್ನೋ ಗಟ್ಟಿ ದನಿ ಕೇಳಿದವರಿಗೆ, 61ರಲ್ಲಿ 41 ಜನ ಹಾಗೆ ಹೇಳಿರಲಿಲ್ಲ ಅನ್ನೋದನ್ನು ಯಾರೂ ಹೇಳಲ್ಲ.

ಮುಚ್ಚಿಡೋದು ಉತ್ತರ ಅಲ್ಲ

2025ರಲ್ಲಿ ಬಿಗ್ 12 ಏನು ಮಾಡಿತು ಗೊತ್ತಾ? ಫುಟ್‌ಬಾಲ್‌ನ ಮಾಧ್ಯಮ ಸಮೀಕ್ಷೆಯನ್ನೇ ನಿಲ್ಲಿಸಿಬಿಟ್ಟಿತು. ತನ್ನ ಚಾಂಪಿಯನ್ ಆಗುವ ಟೀಮಿಗೆ ತಾನೇ "ಕೊನೆಯವರು" ಅಂತ ಹಣೆಪಟ್ಟಿ ಹಚ್ಚೋದು ಯಾವ ಕೂಟಕ್ಕೂ ಲಾಭದ ವ್ಯಾಪಾರ ಅಲ್ಲ, ಅದು ಅರ್ಥವಾಗುತ್ತೆ. ಆದರೂ ಈ ನಿರ್ಧಾರ ನನಗೆ ಹಿಡಿಸಲಿಲ್ಲ.

ಯಾಕಂದ್ರೆ ಭವಿಷ್ಯ ಹೇಳೋದು ನಿಲ್ಲಲಿಲ್ಲ, ತಾಳೆ ನೋಡುವ ಒಂದು ದಾಖಲೆ ಮಾತ್ರ ಇಲ್ಲವಾಯ್ತು. ಅದೇ ಆಗಸ್ಟ್‌ನ ಅಸೋಸಿಯೇಟೆಡ್ ಪ್ರೆಸ್ ಪಟ್ಟಿಯಲ್ಲಿ ಅರಿಜೋನಾ ಸ್ಟೇಟ್ 11ನೇ ಸ್ಥಾನಕ್ಕೆ ಏರಿತ್ತು, ಬಿಗ್ 12ರ ಬೇರೆಲ್ಲರಿಗಿಂತ ಮೇಲೆ. ಟೆಕ್ಸಸ್ ಟೆಕ್ 23. ಹಿಂದಿನ ವರ್ಷದ ನೆನಪು ಮತ್ತೆ ಭವಿಷ್ಯದ ವೇಷ ಹಾಕಿ ಬಂತು. ಸೀಸನ್ ಮುಗಿದಾಗ ಅರಿಜೋನಾ ಸ್ಟೇಟ್ 8 ಗೆದ್ದು 5 ಸೋತಿತ್ತು. ಬಿಗ್ 12 ಗೆದ್ದದ್ದು ಟೆಕ್ಸಸ್ ಟೆಕ್, ಅವರ ಇತಿಹಾಸದಲ್ಲೇ ಮೊದಲ ಸಲ. ಆ ಕೂಟವನ್ನು ಹತ್ತಿರದಿಂದ ನೋಡುವ ಪತ್ರಕರ್ತರು ಇದನ್ನು ಮುಂಚೆಯೇ ಕಂಡಿದ್ದರಾ? 1ರಿಂದ 16ರವರೆಗೆ ಅವರೆಲ್ಲ ಒಟ್ಟಾಗಿ ಬರೆದ ಪಟ್ಟಿ ಇದ್ದಿದ್ದರೆ ನೋಡಬಹುದಿತ್ತು.

ಒಳ್ಳೆಯ ಮಾದರಿಗಳೇನೂ ಇಲ್ಲದಿಲ್ಲ. ಬಿಲ್ ಕಾನೆಲಿ ಅನ್ನೋ ಬರಹಗಾರ ಇಎಸ್‌ಪಿಎನ್‌ಗಾಗಿ ಮಾಡುವ ಎಸ್‌ಪಿ ಪ್ಲಸ್ ಲೆಕ್ಕ ನೋಡಿ. ಸೀಸನ್ ಮುಂಚಿನ ಅಂದಾಜಿಗೆ ಅವನು ಮೂರು ವಿಷಯ ತಗೊಳ್ತಾನೆ: ಹಿಂದಿನ ವರ್ಷದ ಆಟದಲ್ಲಿ ಎಷ್ಟು ಪಾಲು ಆಡಿದವರು ಉಳಿದಿದ್ದಾರೆ, ಹೊಸದಾಗಿ ಬಂದ ಹುಡುಗರ ಗುಣಮಟ್ಟ ಏನು, ಇತ್ತೀಚಿನ ವರ್ಷಗಳ ಚರಿತ್ರೆ ಏನು. ಅವನೂ ತಪ್ಪಾಗ್ತಾನೆ. ಆದರೆ ಎಲ್ಲಿ ತಪ್ಪಾಯ್ತು ಅಂತ ಬೆರಳಿಟ್ಟು ತೋರಿಸೋಕೆ ಆಗುತ್ತೆ, ಯಾಕಂದ್ರೆ ಕಾರಣಗಳು ಮೇಜಿನ ಮೇಲಿವೆ. ಮಾಧ್ಯಮ ಸಮೀಕ್ಷೆಯಲ್ಲಿ ಕಾರಣ ಇಲ್ಲ, ಕ್ರಮಸಂಖ್ಯೆ ಮಾತ್ರ. ಹಾಗಂತ ಕಂಪ್ಯೂಟರ್‌ಗೇ ಎಲ್ಲ ಒಪ್ಪಿಸಿ ಅಂತ ನಾನು ಹೇಳಲ್ಲ. ಊರೂರಿಗೆ ಹೋಗಿ ತಾಲೀಮು ನೋಡುವ ಪತ್ರಕರ್ತರಿಗೆ ಯಾವ ಲೆಕ್ಕಕ್ಕೂ ಸಿಗದ ಸಂಗತಿಗಳು ಗೊತ್ತಿರ್ತವೆ: ಹೊಸ ಕ್ವಾರ್ಟರ್‌ಬ್ಯಾಕ್ ಮಾತಿಗೆ ಟೀಮ್ ಕಿವಿ ಕೊಡ್ತಾ ಇದೆಯಾ, ಕೋಚ್ ಮೇಲೆ ನಂಬಿಕೆ ಇದೆಯಾ ಅಂತ. 61 ಜನರ ಆ ತಿಳಿವಳಿಕೆಯನ್ನು ಒಂದರಿಂದ ಹದಿನಾರರವರೆಗಿನ ಅಂಕಿಗಳಾಗಿ ಹಿಂಡಿಬಿಟ್ಟರೆ ರಸ ಎಲ್ಲ ಹೋಗಿ ಸಿಪ್ಪೆ ಉಳಿಯುತ್ತೆ.

ಹಾಗಾಗಿ ಸಮೀಕ್ಷೆ ಇರಲಿ, ಆದರೆ ಬೇರೆ ರೀತಿ ಇರಲಿ. ಪ್ರತಿ ಪತ್ರಕರ್ತನ ಮತ ಅವನ ಹೆಸರಿನೊಂದಿಗೆ ಪ್ರಕಟವಾಗಲಿ. ಮೊದಲ ಸ್ಥಾನಕ್ಕೆ ಎರಡು ಸಾಲು ಕಾರಣ, ಕೊನೆಯ ಸ್ಥಾನಕ್ಕೂ ಎರಡು ಸಾಲು ಕಾರಣ ಬರೆಯಲಿ. ಮುಂದಿನ ಜುಲೈನಲ್ಲಿ ಹೊಸ ಪಟ್ಟಿಯ ಪಕ್ಕದಲ್ಲೇ ಹಳೇ ಪಟ್ಟಿ ಅಚ್ಚಾಗಲಿ.

ಅಲ್ಲಿಯವರೆಗೆ ಓದುಗರಾದ ನಾವು ಮಾಡಬಹುದಾದ್ದು ಇಷ್ಟು. ನಿಮ್ಮ ಮಗಳೋ ತಮ್ಮನೋ ಓದುವ ಯೂನಿವರ್ಸಿಟಿಯ ಹೆಸರು ಪಟ್ಟಿಯ ತಳದಲ್ಲಿ ಕಂಡರೆ, ಮೂರು ಪ್ರಶ್ನೆ ಕೇಳಿ. ಹೋದ ವರ್ಷ ಸೋತದ್ದು ಯಾಕೆ? ಈ ವರ್ಷ ಆಡುವವರಲ್ಲಿ ಹೊಸಬರು ಎಷ್ಟು? ಕ್ವಾರ್ಟರ್‌ಬ್ಯಾಕ್ ಯಾರು? ಪಟ್ಟಿ ಮಾಡಿದವರು ಈ ಮೂರಕ್ಕೆ ಉತ್ತರ ಕೊಟ್ಟಿದ್ದರೆ ಅವರ ಮಾತಿಗೆ ಬೆಲೆ ಕೊಡಿ. ಕೊಟ್ಟಿರದಿದ್ದರೆ, ಅವರು ಆ ಟೀಮನ್ನು ನೋಡೇ ಇಲ್ಲ ಅಂತ ತಿಳಿದು ಮೊದಲ ಪಂದ್ಯಕ್ಕೆ ಕಾಯಿರಿ.